ಬುಗರಿ ಚಾನೆಲ್ಲಿನ ‘ಬರ್ತೇನಿ’

ಹೋದ ವಾರ ಮೂಡಲಗ್ಯಾಗ ಹಳೆ ಕೇಬಲ್ ಆಫೀಸಿನ ಮ್ಯಾಲಿನ ಖೋಲಿ ಖಾಲಿ ಮಾಡಿದ್ರು. ಬಸಪ್ಪ ಕಾಕಾರ ಮಗ ಫೋನ್ ಮಾಡಿ, ನಿಮ್ಮವು ಏನರ ಸಾಮಾನು ಇದ್ರ ತಗೊಂಡು ಹೋಗ್ರಿ ವೈನಿ, ನಾಳೆ ಗುಜರಿಯವರು ಬರ್ತಾರ ಅಂದ. ನಂದೇನಿರತೈತಿ ಅಲ್ಲಿ, ಮಣ್ಣು, ಅಂತ ಗೊಣಗಿಕೋತನ ಛತ್ರಿ ಹಿಡಕೊಂಡು ಹೋದೆ. ಬಾಗಿಲಾ ತಗದ ಕೂಡಲೆ ವಾಸನಿ ಬಡೀತು. ಮಳ್ಯಾಗ ತೊಯ್ದ ಕರೀ ವೈರು, ಮಶೀನಿನ ಮ್ಯಾಲ ಸುಟ್ಟ ಧೂಳು, ಮೂಲ್ಯಾಗಿನ ಹಳೆ ಜನರೇಟರಿನಿಂದ ಜರಾ ಪೆಟ್ರೋಲು. ಆ ಪೆಟ್ರೋಲ್ ವಾಸನಿಗೆ ನಾ ಒಂದು ಹೆಜ್ಜಿ ಹಿಂದ ಸರದೆ. ಇಷ್ಟು ವರ್ಷ ಆದ ಮ್ಯಾಲೂ ಹಿಂಗ ಆಗತೈತಿ ಅಂದ್ರ, ನನಗ ನನ್ನ ಮ್ಯಾಲೇ ಸಿಟ್ಟು ಬಂತು. ಅಲ್ಲೇ ಒಂದು ಸ್ಟೂಲಿನ ಮ್ಯಾಲ ಕುಂತುಬಿಟ್ಟೆ.

ಅದು ನಮ್ಮ ಬುಗರಿ ಚಾನೆಲ್ಲಿನ ಖೋಲಿ. ಹುಡುಗರ ಚಾನೆಲ್ಲು. ಈಗಿನವರಿಗೆ ಹೇಳಿದ್ರ ನಗ್ತಾರ, ಮೂಡಲಗ್ಯಾಗ ಹುಡುಗರ ಸಲುವಾಗಿ ಒಂದು ಟಿ.ವಿ. ಚಾನೆಲ್ ಇತ್ತಾ ಅಂತ. ಇತ್ತರಿ, ಖರೇನ ಇತ್ತು. ಕೇಬಲ್ಲಿನ ನಾಲ್ಕನೇ ನಂಬರು. ಬಸಪ್ಪ ಕಾಕಾ ಅಂದ್ರ ನಮ್ಮ ಭಾಗದ ಕೇಬಲ್ ಮಾಲಕರು, ನಮ್ಮ ಮಾವಾರ ಗೆಳೆಯರು. ಒಂದಿನ ಅವರ ಮೊಮ್ಮಗಳು ಊಟಕ್ಕ ಕುಂತಾಗ ಹಿಂದಿಯೊಳಗ ನೀರು ಕೇಳಿದ್ಲಂತ. ದಿನಾ ಹಿಂದಿ ಕಾರ್ಟೂನ್ ನೋಡಿ ನೋಡಿ ಆ ಕೂಸಿಗೆ ನೀರು ಅನ್ನೂ ಮಾತ ಮರತಿತ್ತು. ಕಾಕಾ ಗಂಗಾಳ ಬಿಟ್ಟು ಎದ್ರು. ನನ್ನ ವೈರಿನಾಗ ಬಂದದ್ದು ನನ್ನ ಮನೀನ ಕೆಡಿಸಿತಲ್ಲ ಅಂತ ಒದರಾಡಿ, ಎಂಟು ದಿನದಾಗ ಆಫೀಸಿನ ಮ್ಯಾಲಿನ ಖೋಲ್ಯಾಗ ಒಂದು ಕ್ಯಾಮೆರಾ, ಎರಡು ಟ್ಯೂಬ್‌ಲೈಟು, ಹಿಂದೊಂದು ಹಸರು ಪರದೆ ಹಚ್ಚಿ ಚಾನೆಲ್ ಶುರು ಮಾಡಿದ್ರು. ಮೊಮ್ಮಗಳು ಬಿಡಿಸಿದ ಸೊಟ್ಟ ಬುಗರಿ ಚಿತ್ರನ ಅದರ ಗುರುತಾತು.

ನನ್ನ ಹಿಡದು ತಂದದ್ದು ಯಾಕಂದ್ರ ನಾ ಮಾತಾಡೂದು ಜಾಸ್ತಿ. ನಮ್ಮದು ಜೈನರ ಮನಿ, ಪ್ಯಾಟ್ಯಾಗ ಸೀರಿ ಧೋತರದ ಅರಬಿ ಅಂಗಡಿ. ಮನ್ಯಾಗ ಮರಾಠಿ, ಅಂಗಡ್ಯಾಗ ಕನ್ನಡ, ಎರಡರಾಗೂ ನನ್ನ ಬಾಯಿ ನಿಲ್ಲಂಗಿಲ್ಲ. ಪದ್ಮಜಾ ಅನ್ನೂ ಹೆಸರು ಹೋಗಿ ನಾ ಎಲ್ಲಾರಿಗೂ ಟಿ.ವಿ. ಅಕ್ಕ ಆದೆ. ದಿನಾ ಸಂಜಿ ಐದಕ್ಕ ಶುರು, ಆರಕ್ಕ ಮುಕ್ತಾಯ. ಹೊತ್ತು ಮುಳುಗೂದರಾಗ ನನ್ನ ಊಟ ಮುಗೀಬೇಕು, ಅದು ನಮ್ಮ ಮನಿ ಪದ್ಧತಿ, ಚಾನೆಲ್ಲೂ ಅದಕ್ಕ ಹೊಂದಿಕೊಂಡಿತ್ತು. ಕಥಿ ಹೇಳೂದು, ಒಡಪು ಹಾಕೂದು, ಹುಡುಗರ ಫೋನ್ ತಗೊಳ್ಳೂದು. ಎಲ್ಲಾದಕ್ಕಿಂತ ಜೋರು ನಡೀತಿದ್ದದ್ದು ಹುಟ್ಟಿದ ದಿನದ ಕಾರ್ಯಕ್ರಮ. ಮಂದಿ ಕೂಸಿನ ಫೋಟೋ ತಂದು ಕೊಟ್ರ ಕಾಕಾ ಅದರ ಸುತ್ತ ಗಾಳಿ ತುಂಬಿದ ಬಣ್ಣಬಣ್ಣದ ಫುಗ್ಗಾಗಳ ಚೌಕಟ್ಟು ಕೂಡಿಸಿ ಪರದೆ ಮ್ಯಾಲ ಬಿಡ್ತಿದ್ರು, ನಾ ಹೆಸರು ಹಿಡದು ಮಾತಾಡಸ್ತಿದ್ದೆ.

ಮೂಡಲಗಿ, ಕಲ್ಲೋಳಿ, ಮಸಗುಪ್ಪಿ, ತುಕ್ಕಾನಟ್ಟಿಗೆ ನಮ್ಮ ವೈರಿನಾಗ ನೇರ ಹೋಗತಿತ್ತು. ಗೋಕಾಕ, ಹುಕ್ಕೇರಿಗೆ ವೈರು ಮುಟ್ಟತಿರಲಿಲ್ಲ. ಅಲ್ಲಿಯ ಕೇಬಲ್‌ನವರು ಆಸಕ್ತಿ ಮಾಡಿ ಕೇಳಿದ್ದಕ್ಕ, ಕಾಕಾ ದಿನದ್ದು ದಿನ ಸಿ.ಡಿ.ಗೆ ತುಂಬಿ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಸ್ತಿದ್ರು. ಹಿಂಗಾಗಿ ಹುಕ್ಕೇರಿ ಹುಡುಗರಿಗೆ ನಮ್ಮ ಇವತ್ತು ಅನ್ನೂದು ಒಂದು ದಿನ ತಡಾ ಮುಟ್ಟತಿತ್ತು.

ಇನ್ನ ಆ ಮಾತು. ಮುಗಸುವಾಗ ನಾ ಹುಟ್ಟಿದ ದಿನದ ಕೂಸಿನ ಹೆಸರು ಹಿಡದು, ಬರ್ತೇನಿ, ಹಾಂ? ಅಂತಿದ್ದೆ. ನಮ್ಮ ಕಡೆ ಎದ್ದು ಹೊಂಟವರು ಹೋಗ್ತೇನಿ ಅನ್ನಂಗಿಲ್ಲ, ಅದು ಕೆಟ್ಟ ಮಾತು, ಹೋಗೂದು ಅಂದ್ರ ಒಮ್ಮೆಲೆ ಹೋಗೂದು. ಮರಾಠಿಯೊಳಗೂ ಹಂಗ, ‘ಯೇತೆ’ ಅಂತನ ಏಳ್ತೇವಿ. ಹುಟ್ಟಿದಾಗಿಂದ ಬಾಯಿಗೆ ಅಂಟಿದ ಮಾತು. ಅದಕ್ಕೊಂದು ಅರ್ಥ ಐತಿ ಅನ್ನೂದನ ನಾ ಮರತಿದ್ದೆ.

ಚಾನೆಲ್ಲಿಗೆ ಅದು ಎರಡನೇ ಮಳಿಗಾಲ. ಶ್ರಾವಣ ಹತ್ತಿದ ಮ್ಯಾಲ ಆಕಾಶ ಬಿಚ್ಚಲೇ ಇಲ್ಲ. ಘಟ್ಟದ ಕಡೆ ಹಗಲಿರುಳು ಸುರಿಯಾಕತ್ತೈತಿ ಅಂತ ಸುದ್ದಿ. ಗೋಕಾಕ ಫಾಲ್ಸ್ ತುಂಬಿ ಬಿದ್ದಾಗ ಮಂದಿ ಮೊದಲ ಬುತ್ತಿ ಕಟಗೊಂಡು ನೋಡಾಕ ಹೋದ್ರು, ನಾಕು ದಿನದಾಗ ಪೊಲೀಸರು ಯಾರನ್ನೂ ಹತ್ತಿರ ಬಿಡದಂಗಾತು. ಡ್ಯಾಮಿನ ನೀರು ಬಿಟ್ರು. ಘಟಪ್ರಭಾ ಹೊಳಿ ದಂಡಿ ದಾಟಿ ಹೊಲಕ್ಕ ಬಂತು, ಹೊಲ ದಾಟಿ ರಸ್ತಾಕ್ಕ ಬಂತು. ಸಾಲಿಗೆ ಸೂಟಿ ಕೊಟ್ರು. ಮಸಗುಪ್ಪಿಯಂಥಾ ಹೊಳಿ ದಂಡಿ ಊರಾಗಿನ ಮಂದಿ ಕಾಳುಕಡಿ, ದನಕರ ಎತ್ತರಕ್ಕ ಸಾಗಸಾಕತ್ತಿದ್ರು.

ಆ ಊರಿನ ಒಂದು ಕೂಸಿನ ಹುಟ್ಟಿದ ದಿನ ಬಂತು. ಗೌತಮಿ ಅಂತ ಹೆಸರು. ಎರಡು ಜಡಿ, ಮುಂದಿನ ಒಂದು ಹಲ್ಲು ಬಿದ್ದದ್ದು. ಹಿಂದಿನ ದಿನ ಸಂಜಿಮುಂದ ನಾ ಎಂದಿನಂಗ ಹೇಳಿದೆ: ಗೌತಮಿ, ನಾಳೆ ನಿನಗ ಆರು ತುಂಬತಾವು, ಹೊಸ ಅಂಗಿ ಹಾಕ್ಕೊ. ಬರ್ತೇನಿ, ಹಾಂ?

ಹೇಳಿ ಮನಿಗೆ ಹೋಗಿ ಊಟ ಮಾಡಿ ಮಕ್ಕೊಂಡೆ.

ಮರುದಿನ ಮುಂಜಾನೆ ಯಾವ್ಯಾವ ರಸ್ತಾ ಬಂದ್ ಆಗ್ಯಾವ ಅಂತ ಟಿ.ವಿ.ಯಾಗ ಓದಬೇಕಂತ ಕಾಕಾ ನನ್ನ ಕರಸಿದ್ರು. ಹತ್ತೂವರಿ ಆಗಿರಬೇಕು, ಓದಿ ಮುಗಿಸಿ ಕುಂತಿದ್ದೆ, ಫೋನ್ ಬಂತು. ಹೆಣ್ಣಮಗಳು.

‘ಅಕ್ಕಾರ, ನಾ ಮಸಗುಪ್ಪಿಯಿಂದ ಗೌತಮಿ ಅವ್ವ ಮಾತಾಡಾಕತ್ತೇನ್ರಿ, ಶೋಭಾ. ನೀವು ಊರಾಗ ಬಂದೀರೇನ್ರಿ?’

‘ಇಲ್ಲವಾ, ಮೂಡಲಗ್ಯಾಗ ಅದೇನಿ. ಯಾಕ?’

ಆಕಿ ಭಾಳ ಸಣ್ಣ ದನಿಲೆ ಕೇಳಿದ್ಲು: ‘ಹಂಗಾದ್ರ ನನ್ನ ಮಗಳು ಯಾರ ಕೂಡ ಅದಾಳ್ರಿ?’

ನನಗ ಏನೂ ತಿಳೀಲಿಲ್ಲ. ಆಕಿ ಹೇಳಿದ್ದು ಇಷ್ಟು. ಆಕಿ ಹೊಲದಾಗಿನ ಎಮ್ಮಿ ಹೊಡಕೊಂಡು ಬರಾಕ ಹೋದಾಗ ಗೌತಮಿ ಹೊಸ ಕೆಂಪು ಅಂಗಿ ಹಾಕ್ಕೊಂಡು, ಛತ್ರಿ ತಗೊಂಡು ಹೊರಗ ಬಿದ್ದಾಳ. ಬಾಜೂಮನಿ ಮುದುಕಿ ಎಲ್ಲಿಗೆ ಅಂದದ್ದಕ್ಕ, ಟಿ.ವಿ. ಅಕ್ಕ ಬರ್ತೇನಿ ಅಂದಾಳ, ಆಕಿಗೆ ನಮ್ಮ ಮನಿ ಗೊತ್ತಿಲ್ಲ, ಬಸ್ ಸ್ಟಾಪಿನಿಂದ ಕರಕೊಂಡು ಬರ್ತೇನಿ ಅಂದಾಳ. ಮುದುಕಿ ಖರೆ ಅಂತ ತಿಳಕೊಂಡು ಸುಮ್ಮನಾಗ್ಯಾಳ. ಎರಡು ತಾಸಾತು. ಸ್ಟಾಪಿನ ಹಂತೇಕ ರಸ್ತಾದ ಮ್ಯಾಲ ಹೊಳಿ ನೀರು ಬಂದೈತಿ. ಅಲ್ಲಿ ಜಾಲಿ ಕಂಟ್ಯಾಗ ಛತ್ರಿ ಸಿಕ್ಕೈತಿ, ಕೂಸು ಸಿಕ್ಕಿಲ್ಲ.

ನಾ ಫೋನ್ ಇಟ್ಟೆನೋ ಬಿಟ್ಟೆನೋ ನೆನಪಿಲ್ಲ. ನೆನಪಿರೂದು ಒಂದ, ನನ್ನ ಬಾಯಾಗಿನ ಮಾತು ಒಂದು ಕೂಸಿನ ಹೊಳಿ ದಂಡಿಗೆ ಒಯ್ದು ನಿಲ್ಲಿಸಿತು ಅನ್ನೂದು. ಕಾಕಾಗ ಹೇಳಿದೆ. ಅವರು ಮೊದಲ ಪೊಲೀಸರಿಗೆ ಫೋನ್ ಹಚ್ಚಿದ್ರು. ಆಮ್ಯಾಲ ಒಂದು ಹಾಳಿ ತಗೊಂಡು ಬರಿಯಾಕ ಕುಂತ್ರು, ಮಸಗುಪ್ಪಿಯ ಆರು ವರ್ಷದ ಬಾಲಕಿ ಕಾಣೆ, ಕಂಡವರು ತಿಳಿಸಬೇಕು ಅಂತ. ಅಷ್ಟೇ ಓದು, ನಮ್ಮ ಹೆಸರು ಎತ್ತಬ್ಯಾಡ ಅಂದ್ರು.

ಅಷ್ಟ ಸಾಲಂಗಿಲ್ಲ ಅಂದೆ. ಆಕಿ ನನ್ನ ಹುಡುಕ್ಕೊಂಡು ಹೋಗ್ಯಾಳ, ಯಾರರ ಕೇಳಿದ್ರ ನನ್ನ ಹೆಸರು ಹೇಳಿರತಾಳ, ಕಳಕೊಂಡೇನಿ ಅಂತ ಹೇಳಿರಂಗಿಲ್ಲ. ಬಾಲಕಿ ಕಾಣೆ ಅಂದ್ರ ಯಾರಿಗೆ ತಿಳೀಬೇಕು? ಇದ್ದದ್ದು ಇದ್ದಂಗ ಹೇಳಬೇಕು.

ಕಾಕಾ ಪೆನ್ನು ಕೆಳಗಿಟ್ರು. ‘ಪದ್ಮಾ, ನಮ್ಮ ಮಾತು ಕೇಳಿ ಕೂಸು ಹೋತು ಅಂತ ನೀನ ಹೇಳಿದಿ ಅಂದ್ರ, ಇನ್ನ ಯಾವ ತಾಯಿ ತನ್ನ ಕೂಸಿನ ನಮ್ಮ ಚಾನೆಲ್ ಮುಂದ ಕುಂಡರಸ್ತಾಳ? ಇವತ್ತಿಗೇ ಮುಗೀತು ನೋಡು ಇದು.’

ಅವರಂದದ್ದು ಸುಳ್ಳಲ್ಲ. ಆದ್ರ ನನಗ ಆ ಹೊತ್ತಿಗೆ ನ್ಯಾಯ ಅನ್ಯಾಯ ಏನೂ ಬೇಕಾಗಿರಲಿಲ್ಲ. ಆ ಕೂಸು ನೀರಾಗ ಹೋಗಿದ್ರ ಚಾನೆಲ್ ಇಟಗೊಂಡು ಏನ್ ಮಾಡೂದ್ರಿ ಕಾಕಾ, ಅಂದೆ. ಅವರು ನನ್ನ ಮಾರಿ ನೋಡಿದ್ರು, ಹಾಳಿ ಮುದ್ದಿ ಮಾಡಿ ಒಗದ್ರು.

ಅಷ್ಟರಾಗ ಕರೆಂಟ್ ಹೋತು. ಜನರೇಟರ್ ಹಚ್ಚಿದ್ರ ಎರಡು ಸಲ ಕೆಮ್ಮಿ ನಿಂತ್ತು. ಟಾಕ್ಯಾಗ ಪೆಟ್ರೋಲ್ ಇಲ್ಲ. ಮಳಿಯೊಳಗ ಬಂಕಿನ ತನಕ ಹೋಗಿ ಬರೂದು ಅಂದ್ರ ಅರ್ಧ ತಾಸು. ಕಾಕಾ ಕೆಳಗ ಓಡಿ ಹೋಗಿ ತಮ್ಮ ಸ್ಕೂಟರಿನ ಟಾಕಿಗೆ ಪೈಪ್ ಹಾಕಿ ಬಾಯಿಲೆ ಎಳದು ಕ್ಯಾನಿಗೆ ಇಳಿಸಿಕೊಂಡ್ರು. ಅರವತ್ತು ದಾಟಿದ ಮನಷ್ಯಾ, ಬಾಯಿ ತುಂಬ ಪೆಟ್ರೋಲು, ಉಗುಳಿಕೋತ ಮೆಟ್ಟಲಾ ಹತ್ತಿ ಬಂದ್ರು. ಖೋಲಿ ತುಂಬ ಅದ ವಾಸನಿ.

ಮಸಗುಪ್ಪ್ಯಾಗ ಕರೆಂಟ್ ಇಲ್ಲ, ಅದು ನಮಗ ಗೊತ್ತಿತ್ತು. ಕಲ್ಲೋಳ್ಯಾಗ ಐತೋ ಇಲ್ಲೋ, ತುಕ್ಕಾನಟ್ಟ್ಯಾಗ ಐತೋ ಇಲ್ಲೋ, ದೇವರಿಗೇ ಗೊತ್ತು. ಗೌತಮಿ ಫೋಟೋ ಪರದೆ ಮ್ಯಾಲ ಬಿಟ್ರು. ಹಿಂದಿನ ದಿನದ್ದ ಅದು, ಸುತ್ತ ಕೆಂಪು ಹಳದಿ ಫುಗ್ಗಾ. ಅವನ್ನ ತಗೀರಿ ಕಾಕಾ ಅಂದೆ. ತಗಿಯಾಕ ಬರವಲ್ಲವು, ಫೋಟೋಕ್ಕ ಕೂಡಿಸಿಬಿಟ್ಟೇನಿ, ನೀ ಮಾತಾಡು ಅಂದ್ರು. ಕಳಕೊಂಡ ಕೂಸಿನ ಸುತ್ತ ಫುಗ್ಗಾ ಹಾರಾಡೂದು ನೋಡಕೋತ ನಾ ಮಾತು ಶುರು ಮಾಡಿದೆ.

ಏನು ಹೇಳಿದೆ ಅಂತ ಪೂರಾ ನೆನಪಿಲ್ಲ. ನಾ ಬರ್ತೇನಿ ಅಂದಿದ್ದೆ, ಆಕಿ ಖರೆ ಅಂತ ನಂಬಿ ನನ್ನ ಕರಕೊಂಡು ಬರಾಕ ಹೊಂಟಾಳ, ತಪ್ಪು ನಂದು ಅಂತ ಹೇಳಿದೆ. ಕೆಂಪು ಅಂಗಿ, ಎರಡು ಜಡಿ, ಟಿ.ವಿ. ಅಕ್ಕ ಎಲ್ಲಿ ಅಂತ ಕೇಳೂ ಹುಡಿಗಿ ಯಾರರ ಕಂಡ್ರ ಹಿಡಕೊಂಡು ಕುಂಡರ್ರಿ ಅಂದೆ. ಆಮ್ಯಾಲ ದೊಡ್ಡವರ ಕೂಡ ಮಾತಾಡೂದ ಬಿಟ್ಟೆ. ಗೌತಮಿ, ಎಲ್ಲಿದ್ದೀಯವಾ? ನೀರಿನ ಕಡೆ ಹೋಗಬ್ಯಾಡ. ಎಲ್ಲಿದ್ದಿ ಅಲ್ಲೇ ನಿಂದರು, ನಾನ ಬರ್ತೇನಿ. ಮತ್ತ ಅದ ಮಾತು ಬಂತು ಬಾಯಾಗ, ತುಟಿ ಕಚ್ಚಿಕೊಂಡೆ.

ಫೋನ್ ಬಡಕೊಳ್ಳಾಕ ಶುರುವಾತು. ಎತ್ತಿದ್ರ ಹುಡುಗರು. ಸಾಲಿ ಸೂಟಿ, ಕರೆಂಟ್ ಇದ್ದಲ್ಲೆ ಎಲ್ಲಾ ಟಿ.ವಿ. ಮುಂದ ಕುಂತಿದ್ವು. ಅಕ್ಕಾ ಸಿಕ್ಕಳೇನು, ಅಕ್ಕಾ ಗೌತಮಿ ಸಿಕ್ಕಳೇನು. ಇಟ್ಟ ಕೂಡಲೆ ಮತ್ತೊಂದು. ಕಾಕಾ ತಲಿ ತಲಿ ಬಡಕೊಂಡ್ರು, ಇದ್ದದ್ದು ಒಂದ ಲೈನು, ಕಂಡವರು ಫೋನ್ ಮಾಡಿದ್ರ ಹತ್ತೂದ್ಹೆಂಗ? ನಾ ಕ್ಯಾಮೆರಾ ನೋಡಿ, ಯಾರೂ ಫೋನ್ ಮಾಡಬ್ಯಾಡ್ರಿ ನನ್ನಪ್ಪಗಳಿರಾ, ಗೌತಮಿಗೆ ದಾರಿ ಬಿಡ್ರಿ ಅಂದೆ.

ಒಮ್ಮೆಲೆ ಫೋನ್ ಸುಮ್ಮನಾತು. ಅಷ್ಟೂ ಊರಿನ ಹುಡುಗರು ಒಂದ ಮಾತಿಗೆ ಕೈ ತಗದ್ವು. ಆ ಸುಮ್ಮನಿದ್ದದ್ದನ್ನ ನಾ ಸಾಯೂತನಕ ಮರಿಯಂಗಿಲ್ಲ. ಜನರೇಟರಿನ ಗುರ್ ಗುರ್ ಅಷ್ಟ. ಕಾಕಾ ಟಾಕಿ ಮುಚ್ಚಳ ತಗದು ಬಗ್ಗಿ ನೋಡೂದು, ಮುಚ್ಚೂದು. ನಾ ಅದನ್ನ ಹೇಳಕೋತ ಹೋದೆ, ಗಂಟಲಾ ಒಣಗಿತು, ನೀರು ಕುಡಿಯಾಕೂ ಅಂಜಿಕಿ, ಕುಡದು ಬರೂದರಾಗ ಆಕಿ ನೋಡಿ ಹೋದ್ರ ಅಂತ. ನಡುವ ಶೋಭಾ ಒಮ್ಮೆ ಫೋನ್ ಮಾಡಿದ್ಲು. ಮಂದಿ ಹಗ್ಗಾ ತಗೊಂಡು ನೀರಿಗೆ ಇಳದಾರಂತ ಹೇಳಿ ಇಟ್ಲು.

ಟ್ಯೂಬ್‌ಲೈಟ್ ಮಿಣಕ್ ಮಿಣಕ್ ಅನ್ನಾಕ ಹತ್ತಿದ್ದಾಗ ಫೋನ್ ಬಂತು. ಗಂಡಸಿನ ದನಿ.

‘ಕಲ್ಲೋಳಿಯಿಂದ ಚಾದಂಗಡಿಯವ್ರೀ. ನಿಮ್ಮ ಹುಡಿಗಿ ಇಲ್ಲಿ ಬಾಕಿನ ಮ್ಯಾಲ ಕುಂತಾಳ. ಅಕ್ಕ ಇನ್ನಾ ಟಿ.ವಿ. ಬಿಟ್ಟು ಹೊಂಟಿಲ್ಲ, ಲಗೂನ ಹೊಂಡು ಅಂತ ಹೇಳ್ರಿ ಅಂತಾಳ.’

ನಾ ಅಳಾಕ ಶುರು ಮಾಡಿದ್ದು ಪೂರಾ ಟಿ.ವಿ.ಯಾಗ ಹೋತಂತ. ಹೋಗಲಿ ಬಿಡ್ರಿ.

ಆಗಿದ್ದಿಷ್ಟು. ಸ್ಟಾಪಿಗೆ ನೀರು ಬರಾಕತ್ತಿದ್ದಾಗ ಒಂದು ಹಾಲಿನ ಗಾಡಿ ತಿರುಗಿ ಹೊಂಟಿತ್ತು. ಡ್ರೈವರ್ ಒಂಟಿ ಕೂಸಿನ ನೋಡಿ ಯಾರವಾ ನೀ ಅಂದ್ರ, ಬಸ್ಸು ಬರವಲ್ಲದು, ನಾನ ಮೂಡಲಗಿಗೆ ಟಿ.ವಿ. ಅಕ್ಕನ ಮನಿಗೆ ಹೊಂಟೇನಿ ಅಂದಾಳ. ಅವ ನಮ್ಮ ಬೀಗರ ಪೈಕಿ ಕೂಸು ಅಂತ ತಿಳದು ಹತ್ತಿಸಿಕೊಂಡಾನ. ಹತ್ತುವಾಗ ಗಾಳಿಗೆ ಛತ್ರಿ ಹಾರಿ ಹೋಗೈತಿ. ಗಾಡಿ ಇದ್ದದ್ದು ಕಲ್ಲೋಳಿ ತನಕ. ಮೂಡಲಗಿ ಬಸ್ ಹತ್ತಸ್ರಿ ಅಂತ ಚಾದಂಗಡಿಯವರಿಗೆ ಒಪ್ಪಿಸಿ ಹೋಗ್ಯಾನ, ಬಸ್ಸು ಬರಲೇ ಇಲ್ಲ. ಕುಂತು ಕುಂತು ಬ್ಯಾಸತ್ತು ಗೌತಮಿ, ನಾಲ್ಕನೇ ನಂಬರ್ ಹಚ್ಚರಿ, ಅಕ್ಕ ಟಿ.ವಿ.ಯಾಗ ಅದಾಳೋ ಹೊಂಟಾಳೋ ನೋಡೂನು ಅಂದ್ಲಂತ. ಅಲ್ಲಿ ಕರೆಂಟ್ ಇತ್ತು.

ಸ್ಕೂಟರಿನಾಗ ಹನಿ ಪೆಟ್ರೋಲ್ ಇಲ್ಲ. ನಾನೂ ಕಾಕಾನೂ ಒಂದು ಮೂರು ಗಾಲಿ ಟಂಟಂ ಹಿಡದು, ತಾಡಪತ್ರಿ ಸಂದ್ಯಾಗಿಂದ ತೊಯ್ಸಿಕೋತ ಕಲ್ಲೋಳಿಗೆ ಹೋದ್ವಿ. ಬಾಕಿನ ಮ್ಯಾಲ ಕಾಲು ಅಲ್ಲಾಡಿಸಿಕೋತ ಕುಂತಿತ್ತು ಕೂಸು. ನಾ ಓಡಿ ಹೋಗಿ ಅಪ್ಪಿಕೊಂಡ್ರ ದೂರ ಸರಿಸಿ ನನ್ನ ಮಾರಿ ನೋಡಿ ಅಂತು: ‘ಭಾಳ ತಡಾ ಮಾಡಿದಿ. ನಮ್ಮ ಮನ್ಯಾಗ ಬರ್ತೇನಿ ಅಂದವರು ಬರ್ತಾರ.’

ಅವ್ವ ಹೊಲಕ್ಕ ಹೋಗುವಾಗ ಬರ್ತೇನಿ ಅಂತಾಳ, ಸಂಜಿಗೆ ಬರ್ತಾಳ. ಅಪ್ಪ ಸಕ್ಕರಿ ಕಾರಖಾನಿಗೆ ಹೋಗುವಾಗ ಬರ್ತೇನಿ ಅಂತಾನ, ಬರ್ತಾನ. ಆರು ವರ್ಷದಾಗ ಆ ಕೂಸು ಆ ಮಾತು ಸುಳ್ಳಾದದ್ದನ್ನ ನೋಡಿರಲಿಲ್ಲ. ನಾನ ಮೊದಲನೇಯಕಿ.

ಒಂದು ತಾಸಿನ ಮ್ಯಾಲ ಶೋಭಾ ಯಾರದೋ ಮೋಟರ್‌ಸೈಕಲ್ ಮ್ಯಾಲ ಬಂದ್ಲು. ನಡಾ ತನಕ ಕೆಸರು, ಅಂಗೈಗೆ ಹಗ್ಗದ ಬರಿ. ಮಗಳ ಬೆನ್ನಿಗೆ ಒಂದು ಏಟು ಹಾಕಿದ್ಲು, ಆಮ್ಯಾಲ ಆಕಿನ್ನ ಎತ್ತಿಕೊಂಡು ಬಿಡಲೇ ಇಲ್ಲ. ನನ್ನ ಬೈತಾಳ ಅಂತ ಕಾಯ್ದೆ. ಬೈದಿದ್ರ ಛಲೋ ಇತ್ತು. ಆಕಿ ಬೈಲಿಲ್ಲ.

‘ಅಕ್ಕಾರ, ನಮ್ಮ ಓಣಿಗೆ ಬರ್ತೇನಿ ಅಂದು ಬರದವರು ಭಾಳ ಮಂದಿ ಅದಾರ್ರಿ. ನಮಗ ರೂಢಿ ಐತಿ. ಈಕಿಗೆ ಇನ್ನಾ ಗೊತ್ತಿದ್ದಿಲ್ಲ. ಬರೂದಿದ್ರಷ್ಟ ಅನ್ರಿ.’

ಎರಡು ಮಳಿಗಾಲ ಊರೂರಿಗೆ ಬರ್ತೇನಿ ಬರ್ತೇನಿ ಅಂದಿದ್ದೆ. ಒಂದು ಊರಿಗರ ಹೋಗಿದ್ನಾ? ಊರ ಹೊರಗಿನ ಆ ಓಣಿಗಂತೂ ನಾನೂ ಹೋದಕಿಯಲ್ಲ, ನಮ್ಮ ಮನಿಯವರು ಯಾರೂ ಹೋದವರಲ್ಲ. ಅದು ನನಗ ಚುಚ್ಚಿತು, ಇವತ್ತಿಗೂ ಚುಚ್ಚತೈತಿ.

ಮರುದಿನ ಇನ್ನೊಂದು ಫಜೀತಿ. ಗಡಿಬಿಡಿಯೊಳಗ ಕಾಕಾ ಅದನ್ನೂ ರೂಢಿಯಂಗ ಸಿ.ಡಿ.ಗೆ ತುಂಬಿ ಸುತ್ತು ದಾರಿ ಬಸ್ಸಿಗೆ ಕೊಟ್ಟಿದ್ರು. ಹುಕ್ಕೇರಿಯಾಗ ಗೌತಮಿ ಒಂದು ದಿನ ತಡಾ ಕಳದು ಹೋದ್ಲು. ಹೊತ್ತು ಹೊಂಡೂದರಿಂದ ಮುಳುಗೂತನಕ ಫೋನು, ಇಲ್ಲಿ ಬಸ್‌ಸ್ಟ್ಯಾಂಡಿನಾಗ ಹುಡುಕೇವ್ರಿ, ಇಲ್ಲಿ ಗುಡಿ ಹಿಂದ ನೋಡೇವ್ರಿ. ಸಿಕ್ಕಾಳ್ರಿ, ನಿನ್ನೇನ ಸಿಕ್ಕಾಳ್ರಿ ಅಂತ ಹೇಳಿ ಹೇಳಿ ಕಾಕಾ ಸೋತ್ರು. ಆದ್ರ ಅವರು ಅಂಜಿದಂಗ ಯಾರೂ ವೈರು ಹರೀಲಿಲ್ಲ, ಯಾವ ತಾಯಿನೂ ನಾಲ್ಕನೇ ನಂಬರ್ ಬಂದ್ ಮಾಡಲಿಲ್ಲ. ಚಾನೆಲ್ ಮುಂದ ಇನ್ನೂ ಕೆಲವು ವರ್ಷ ನಡೀತು, ಮನಿಮನಿಗೆ ಸೆಟ್‌ಟಾಪ್ ಡಬ್ಬಿ ಬಂದು ನಾಲ್ಕನೇ ನಂಬರ ಇಲ್ಲದಂಗ ಆಗೂತನಕ.

ಆದ್ರ ನನಗ ಕಾರ್ಯಕ್ರಮ ಮುಗಸಾಕ ಮಾತ ಇಲ್ಲದಂಗಾತು. ಬರ್ತೇನಿ ಅನ್ನಾಕ ಬಾಯಿ ಬರವಲ್ಲದು, ಹೋಗ್ತೇನಿ ಅನ್ನಬಾರದು. ಕಡೀಕ ಸುಮ್ಮನ ಕ್ಯಾಮೆರಾ ನೋಡಿಕೋತ ಕುಂಡರ್ತಿದ್ದೆ, ಕಾಕಾ ಬೈಕೋತ ಬುಗರಿ ಚಿತ್ರ ಬಿಡ್ತಿದ್ರು.

ನೀರು ಇಳದು ರಸ್ತಾ ಬಿಚ್ಚಿದ ಮ್ಯಾಲ ಒಂದಿನ ಮಸಗುಪ್ಪಿಗೆ ಹೋದೆ. ಮನ್ಯಾಗ ಹೇಳೇ ಹೋದೆ, ಅತ್ತಿಯವರು ಮಾರಿ ತಿರುವಿದ್ರು, ತಿರುವಲಿ ಅಂದೆ. ಗೌತಮಿ ಮನಿ ಗ್ವಾಡಿಗೆ ಮೊಣಕಾಲು ಮಟ ನೀರಿನ ಗೆರಿ ಇತ್ತು, ಮ್ಯಾಲ ಬುದ್ಧನ ಫೋಟೋ ಒಣಗೇ ಇತ್ತು. ಟಿ.ವಿ. ಬಿಸಲಿಗೆ ಇಟ್ಟಿದ್ರು, ಅದು ಹಚ್ಚಿದ್ರ ಹತ್ತವಲ್ಲದು. ಹಂಗಾಗಿ ನಾ ಅಂಗಳದಾಗ ಕುಂತು ಓಣಿ ಹುಡುಗರನ್ನೆಲ್ಲ ಕೂಡಿಸಿ ಬಾಯಿಲೆ ಒಂದು ತಾಸು ಚಾನೆಲ್ ನಡೆಸಿದೆ. ಶೋಭಾ ತಾಟಿನಾಗ ಅವಲಕ್ಕಿ ತಂದಿಟ್ಟು, ಉಳ್ಳಾಗಡ್ಡಿ ಹಾಕಿಲ್ರಿ ಅಂದ್ಲು. ನಾವು ಜೈನರು ಅದನ್ನ ತಿನ್ನಂಗಿಲ್ಲ ಅಂತ ನಾ ಹೇಳಿರಲಿಲ್ಲ. ತಿಂದೆ, ಇನ್ನೊಂಚೂರು ಹಾಕಿಸಿಕೊಂಡು ತಿಂದೆ.

ಬಸ್ಸಿನ ಹೊತ್ತಾತು. ಎದ್ದು ಚಪ್ಪಲಿ ಹಾಕ್ಕೊಂಡೆ. ಗೌತಮಿ ಬಾಗಲದಾಗ ಅಡ್ಡ ನಿಂತು ನನ್ನ ಬಾಯೀನ ನೋಡಾಕತ್ತಿದ್ಲು, ಈಗ ಏನಂತಾಳ ಈಕಿ ಅಂತ. ಸುಮ್ಮನ ಆಕಿ ತಲಿ ಸವರಿ ಹೊಂಟೆ.

‘ಅನ್ರಿ ಅಕ್ಕಾರ,’ ಅಂದ್ಲು ಶೋಭಾ ಒಳಗಿಂದ. ‘ಹಂಗ ಬಾಯಿ ಮುಚಗೊಂಡು ಮನಿ ಬಿಟ್ಟು ಹೋಗಬಾರದು.’

‘ಬರ್ತೇನಿ,’ ಅಂದೆ.

‘ಯಾವಾಗ?’ ಅಂದ್ಲು ಗೌತಮಿ.

‘ಐತವಾರ.’

ಐತವಾರ ಅಂದ್ರ ಎಷ್ಟು ದಿನ ಅಂತ ಆಕಿ ಅವ್ವನ್ನ ಕೇಳಿ ಬೊಟ್ಟು ಎಣಿಸಿ ಇಟಗೊಂಡ್ಲು. ಐತವಾರ ಮುಂಜಾನೆ ಒಂದು ರೆಕಾರ್ಡಿಂಗ್ ಇತ್ತು. ನಾ ಬರಂಗಿಲ್ಲ, ಮಸಗುಪ್ಪಿಗೆ ಬರ್ತೇನಿ ಅಂದು ಬಂದೇನಿ ಅಂತ ಹೇಳಿದ್ದಕ್ಕ ಕಾಕಾ ರೆಕಾರ್ಡಿಂಗ್ ಮುಂದ ಹಾಕಿದ್ರು.

ಅವತ್ತು ಮತ್ತ ಮಳಿ ಹಿಡದಿತ್ತು. ಮೊದಲನೇ ಬಸ್ಸಿಗೆ ಹೋದೆ. ಬಸ್ ತಿರುವಿನಾಗ ಬಂದಾಗ ಖಿಡಕಿ ಕಾಜು ಒರಸಿ ನೋಡಿದೆ, ಸ್ಟಾಪಿನಾಗ ಕೆಂಪು ಅಂಗಿ ನಿಂತಿತ್ತು. ಅದ ಹಳೇ ಛತ್ರಿ, ಒಂದು ಕಡ್ಡಿ ಮುರದದ್ದು, ಅದರ ಕೆಳಗ ಅವರವ್ವನೂ ನಿಂತಿದ್ಲು.